ಜಾರಿದೆ, ನಿಲ್ಲಿಸಿದ, ಬಚ್ಚಿಟ್ಟಳು

ಸ್ಪ್ಯಾನಿಶ್ ಭಾಷೆಯ ಭೂತಕಾಲ ಕಷ್ಟ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಷ್ಟವೇನಿಲ್ಲ, ಕೂತು ಬಾಯಿಪಾಠ ಮಾಡಲು ಮೈಗಳ್ಳತನ, ಅಷ್ಟೆ. ಕ್ರಿಯಾಪದದ ಬಾಲ ಮೂರೇ ತರ: ಆರ್, ಎರ್, ಇರ್. ಆ ಬಾಲ ಕತ್ತರಿಸಿ, ಯಾರು ಮಾಡಿದ್ದು ಎಂದು ನೋಡಿ, ಹೊಸ ಬಾಲ ಅಂಟಿಸಬೇಕು. ಆಬ್ಲಾರ್ ಅಂದರೆ ಮಾತಾಡುವುದು. ಆಬ್ಲೇ, ನಾನು ಮಾತಾಡಿದೆ. ಆಬ್ಲಾಸ್ತೆ, ನೀನು ಮಾತಾಡಿದೆ. ಆಬ್ಲೋ, ಅವನು ಮಾತಾಡಿದ, ಅವಳೂ ಮಾತಾಡಿದಳು. ಕನ್ನಡದಲ್ಲಿ ನಾವು ಬಾಯಿ ಬಂದಾಗಿನಿಂದ ಮಾಡಿಕೊಂಡು ಬಂದಿರುವುದೂ ಇದನ್ನೇ. ಮಾಡಿದೆ, ಮಾಡಿದ, ಮಾಡಿದಳು. ಯಾರೂ ನಮಗೆ ಅದಕ್ಕೆ ಬಹುಮಾನ ಕೊಟ್ಟಿಲ್ಲ.

ನನಗೆ ಇದನ್ನು ಕಲಿಸಿದವರು ಲಿಂಗಸುಗೂರಿನ ಖಾಜಾಸಾಬ್. ಮಾಸ್ತರರು ಅನ್ನುತ್ತೇನೆ, ಆದರೆ ಶಾಲೆಯ ಮಾಸ್ತರರಲ್ಲ. ಹತ್ತೊಂಬತ್ತು ವರ್ಷ ಸರಕು ಹಡಗಿನಲ್ಲಿ ಅಡುಗೆ ಮಾಡಿದವರು. ಹಡಗಿನ ಮಂದಿಯೆಲ್ಲ ಸ್ಪ್ಯಾನಿಶ್ ಆಡುವವರಾದ್ದರಿಂದ ಉಪ್ಪು ಕಡಿಮೆಯಾದ ಬೈಗುಳದಿಂದಲೇ ಭಾಷೆ ಕಲಿತೆ ಎಂದು ನಗುತ್ತಾರೆ. ನಾನು ಸಿಂಧನೂರಿನ ಒಂದು ಮೆಣಸಿನಕಾಯಿ ಬೀಜದ ಕಂಪನಿಯ ಆಫೀಸಿನಲ್ಲಿದ್ದೇನೆ. ನಮ್ಮ ಬೀಜ ಮೆಕ್ಸಿಕೋಗೆ ಹೋಗುತ್ತದೆ, ಅಲ್ಲಿಂದ ಪತ್ರಗಳು ಬರುತ್ತವೆ. ಓದಬಲ್ಲವರು ಯಾರೂ ಇಲ್ಲವೆಂದು ನಾನೇ ಮುಂದೆ ಬಿದ್ದು, ಪ್ರತಿ ಭಾನುವಾರ ಲಿಂಗಸುಗೂರಿನ ಬಸ್ಸು ಹತ್ತುತ್ತಿದ್ದೆ. ಅವರ ಮನೆಯ ಮಾಳಿಗೆಯ ಮೇಲೆ ಕೂತು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆ.

"ಮೊದ್ಲು ಹೇಳಿದಂಗ ಕೇಳೋ ಕ್ರಿಯಾಪದ ಕಲಿ ಬೇಟಿ," ಅನ್ನುತ್ತಿದ್ದರು. "ನೇಮಕ್ಕ ಬರ್ದೇ ಇರೋ ಹಟಮಾರಿಗಳ್ನ ದೀಪಾವಳಿ ಆದಮ್ಯಾಲ ನೋಡೂಣು."

ಹಟಮಾರಿಗಳ ಪಾಠ ಇನ್ನೂ ಶುರುವಾಗಿರಲಿಲ್ಲ. ಅಷ್ಟರಲ್ಲಿ ಒಂದು ಮಂಗಳವಾರ ಮಧ್ಯಾಹ್ನ ಆಫೀಸಿಗೆ ಪೊಲೀಸರ ಫೋನು ಬಂತು. ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಪೇನ್ ದೇಶದ ಹೆಂಗಸೊಬ್ಬಳು ಗಾಯಗೊಂಡು ಮಲಗಿದ್ದಾಳೆ, ಅವಳ ಹೇಳಿಕೆ ಬರೆದುಕೊಳ್ಳಬೇಕು, ನಾಲ್ಕು ಗಂಟೆಗೆ ಅವಳನ್ನು ಆಪರೇಶನ್ನಿಗೆ ಹೈದರಾಬಾದಿಗೆ ಸಾಗಿಸುತ್ತಾರೆ, ಬೇಗ ಬರಬೇಕು ಎಂದು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನನಗೆ ಹೆಮ್ಮೆಯಾಗಿತ್ತು. ಮಾಸ್ತರರನ್ನು ಬಿಟ್ಟರೆ ಮೂರು ತಾಲ್ಲೂಕಿಗೆ ಒಬ್ಬಳೇ ನಾನು.

ಎಎಸ್‌ಐ ನರಸಣ್ಣ ವಾರ್ಡಿನ ಬಾಗಿಲಲ್ಲೇ ನಿಂತಿದ್ದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಕೈಯಲ್ಲಿ ಬಿಳಿ ಹಾಳೆಯ ದಪ್ಪ ಪ್ಯಾಡು.

"ನೋಡವಾ ತಂಗಿ, ಇಂಗ್ಲಿಷು ಆಕಿಗೆ ಅಷ್ಟಕ್ಕಷ್ಟ, ನನಗೂ ಅಷ್ಟಕ್ಕಷ್ಟ. ಮೊಬೈಲಿನಾಗ ಹಾಕಿ ನೋಡಿದ್ವಿ, ಅದು ಏನೇನೋ ಒದರ್ತದ. ಅದೂ ಅಲ್ದ ಮೊಬೈಲು ಬಂದು ಸಹಿ ಹಾಕ್ತದೇನು? ದುಭಾಷಿ ಅಂತ ನೀ ಸಹಿ ಮಾಡ್ಬೇಕು."

"ಏನಾಗೇತ್ರಿ?"

"ಸೈಕಲ್ ಮ್ಯಾಲ ದೇಶ ತಿರಗಾಕಿ. ಮಸ್ಕಿ ಶಾಸನ ನೋಡ್ಕೊಂಡು ನಿನ್ನೆ ಮುಂಜಾನೆ ಲಿಂಗಸುಗೂರು ಕಡೆ ಹೊಂಟಾಳ. ಟಂಟಂದಾವ ಒಬ್ಬ ಹಿಂದಿಂದ ಗುದ್ಯಾನ. ಹಿಡಿದೀವಿ. ಹೇಳಿಕಿ ಒಂದು ಆದ್ರ ಕೇಸ್ ಗಟ್ಟಿ."

"ಅವನ ಗುದ್ಯಾನಂತ ಹೆಂಗ ಗೊತ್ತಾತ್ರಿ?"

"ಆಕಿನ್ನ ದವಾಖಾನಿಗೆ ತಂದಾವ ಅವನ. ಗುದ್ದದ ಇದ್ರ ಯಾಕ ತರ್ತಾನ?"

ಇದು ನಮ್ಮ ಕಡೆಯ ಲೆಕ್ಕ. ರಸ್ತೆಯಲ್ಲಿ ಬಿದ್ದವರನ್ನು ಎತ್ತಿಕೊಂಡು ಬಂದವನೇ ಬೀಳಿಸಿದವನು. ಅದಕ್ಕೇ ಎಷ್ಟೋ ಮಂದಿ ಬಿದ್ದವರನ್ನು ನೋಡಿ, ಅಯ್ಯೋ ಪಾಪ ಅಂದು, ಗಾಡಿಯ ವೇಗ ಹೆಚ್ಚಿಸುತ್ತಾರೆ. ವರಾಂಡದ ಬೆಂಚಿನ ಮೇಲೆ ಆ ಟಂಟಂ ಆಟೋದ ಡ್ರೈವರ್ ತಲೆ ತಗ್ಗಿಸಿ ಕೂತಿದ್ದ, ಪಕ್ಕದಲ್ಲಿ ಕಾನ್‌ಸ್ಟೇಬಲ್. ಅವಸರದಲ್ಲಿ ನಾನು ಅವನ ಮುಖ ನೋಡಲಿಲ್ಲ.

ಹಾಸಿಗೆಯ ಮೇಲಿದ್ದವಳ ಹೆಸರು ನೂರಿಯಾ. ಐವತ್ತರ ಹತ್ತಿರದ ವಯಸ್ಸು, ತುಂಡುಗೂದಲು. ಬಲಗೈಗೂ ಎಡಗಾಲಿಗೂ ಪಟ್ಟಿ, ಗದ್ದಕ್ಕೆ ಹೊಲಿಗೆ. ನಾನು ಸ್ಪ್ಯಾನಿಶ್‌ನಲ್ಲಿ ನಮಸ್ಕಾರ ಹೇಳಿದ ಕೂಡಲೇ ಅವಳ ಕಣ್ಣು ತುಂಬಿ ಬಂತು. ನನಗೆ ಸಣ್ಣ ಸಣ್ಣ ಕ್ರಿಯಾಪದಗಳಷ್ಟೇ ಗೊತ್ತು, ನಿಧಾನ ಹೇಳು ಎಂದು ಬೇಡಿಕೊಂಡೆ. ಅವಳು ತನ್ನ ಊರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳಂತೆ. ಒಂದೊಂದೇ ಮಾತನ್ನು ಬಿಡಿಸಿಟ್ಟಳು.

ನರಸಣ್ಣ ಪೆನ್ನು ತೆರೆದರು.

ರಸ್ತೆಯ ಒಂದು ಪಾಲಿಗೆ ಯಾವುದೋ ತೆನೆ ಹರವಿತ್ತು, ಅಂದಳು. ಇನ್ನೊಂದು ಪಾಲಿನಲ್ಲಿ ಕಲ್ಲುಗಳಿದ್ದವು. ಬ್ರೇಕ್ ಹಾಕಿದೆ: ಫ್ರೆನೇ. ತಿರುಗಿಸಿದೆ: ಹಿರೇ. ಕಲ್ಲಿಗೆ ಬಡಿದೆ. ರೆಸ್ಬಲೇ, ಜಾರಿದೆ. ಎಲ್ಲ ಆರ್ ಬಾಲದವು, ಎಲ್ಲ ಹೇಳಿದ ಮಾತು ಕೇಳುವಂಥವು. ನಾನು ಒಳಗೊಳಗೇ ಖುಷಿಯಿಂದ ಅಂಕ ಹಾಕಿಕೊಳ್ಳುತ್ತಿದ್ದೆ.

ತೆನೆ ಯಾಕೆ ರಸ್ತೆಯ ಮೇಲಿತ್ತು ಎಂದು ಅವಳು ಕೇಳಿದಳು. ಹೇಳಿದೆ. ನಮ್ಮಲ್ಲಿ ಒಣಬೇಸಾಯದವರು ಸಜ್ಜೆಯ ತೆನೆಯನ್ನು ಡಾಂಬರಿನ ಮೇಲೆ ಹರವುತ್ತಾರೆ, ಲಾರಿ ಬಸ್ಸಿನ ಗಾಲಿ ಹರಿದು ಕಾಳು ಉದುರುತ್ತದೆ. ಸಣ್ಣ ರಾಶಿಗೆ ಮಷೀನಿನವರು ಬರುವುದಿಲ್ಲ. ಖಾಲಿ ಪಾಲಿನಲ್ಲಿ ಕಲ್ಲಿಟ್ಟರೆ ಗಾಡಿಗಳು ತೆನೆಯ ಮೇಲೇ ಹೋಗಬೇಕು, ಬೇರೆ ದಾರಿ ಇರುವುದಿಲ್ಲ. ಪೊಲೀಸರು ಪ್ರತಿ ವರ್ಷ ಬೈಯುತ್ತಾರೆ, ಇವರು ಪ್ರತಿ ವರ್ಷ ಹರವುತ್ತಾರೆ. ನೂರಿಯಾ ತಲೆಯಾಡಿಸಿ ಮುಂದುವರಿಸಿದಳು.

ಟಂಟಂ ಆಮೇಲೆ ಬಂತು. ಎದುರಿನಿಂದ ಬಂತು, ಹಿಂದಿನಿಂದಲ್ಲ. ಪರೋ, ನಿಲ್ಲಿಸಿದ. ಬಹೋ, ಇಳಿದ. ನನ್ನನ್ನು ಎತ್ತಿದ. ತನ್ನ ಟವೆಲ್ಲನ್ನು ಗದ್ದಕ್ಕೆ ಒತ್ತಿದ. ಮಸ್ಕಿಗೆ ಕರೆದೊಯ್ದ. ಅಲ್ಲಿಂದ ಇಲ್ಲಿಗೆ ಕಳಿಸಿದರೆ ಆಂಬ್ಯುಲೆನ್ಸಿನ ಹಿಂದೆಯೇ ಬಂದ. "ಆ ಮನುಷ್ಯ ಎಲ್ಲಿ? ಅವನಿಗೆ ಧನ್ಯವಾದ ಹೇಳಬೇಕು," ಅಂದಳು.

ನನಗೆ ಸಮಾಧಾನವಾಯಿತು. ಇಷ್ಟು ಬರೆಸಿದರೆ ಅವನು ಮನೆಗೆ ಹೋಗುತ್ತಾನೆ. ನರಸಣ್ಣನವರ ಕಡೆ ತಿರುಗುವುದರಲ್ಲಿದ್ದೆ. ನೂರಿಯಾ ಎಡಗೈ ಎತ್ತಿ ತಡೆದಳು, ಇನ್ನೂ ಇದೆ ಎಂಬಂತೆ.

ಅವನು ಬರುವ ಮೊದಲು ಒಬ್ಬ ಹೆಂಗಸು ಓಡಿ ಬಂದಳು. ಸೀರೆಯ ಮೇಲೆ ಗಂಡಸರ ನೀಲಿ ಅಂಗಿ ತೊಟ್ಟಿದ್ದಳು. ಗ್ರಿತೋ, ಕೂಗಿದಳು. ನನ್ನ ಹತ್ತಿರ ಬಂದಳು ಅಂದುಕೊಂಡೆ, ಆದರೆ ನನ್ನನ್ನು ದಾಟಿ ಹೋದಳು. ಕಲ್ಲುಗಳನ್ನು ಆರಿಸಿದಳು. ಎಸ್ಕೊಂದಿಯೋ. ರಸ್ತೆಯ ಪಕ್ಕದ ಮೇವಿನ ಬಣವೆಯಲ್ಲಿ ಬಚ್ಚಿಟ್ಟಳು.

"ಯಾವ ಜಾಗ?" ಎಂದು ಕೇಳಿದೆ. ಕೇಳಬೇಕಾಗಿರಲಿಲ್ಲ.

ಹಳದಿ ಬಣ್ಣದ ನೀರಿನ ಟಾಕಿ, ಅಂದಳು. ಅದರ ಎದುರು ಒಂದೇ ಒಂದು ಮನೆ. ಬಾಗಿಲು ಹಸಿರು, ಅರ್ಧಕ್ಕೆ ಮಾತ್ರ ಬಣ್ಣ ಹಚ್ಚಿದ ಬಾಗಿಲು.

ಆ ಬಾಗಿಲಿಗೆ ಬಣ್ಣ ಹಚ್ಚಿದವಳು ನಾನು. ಯುಗಾದಿಗೆ ಡಬ್ಬಿ ಮುಗಿದು ಅರ್ಧಕ್ಕೇ ನಿಂತಿತ್ತು. ನೀಲಿ ಅಂಗಿ ತೀರಿಕೊಂಡ ನನ್ನ ಅಪ್ಪನದು. ಹೊಲಕ್ಕೆ ಹೋಗುವಾಗ ಅವ್ವ ಅದನ್ನೇ ಸೀರೆಯ ಮೇಲೆ ಹಾಕಿಕೊಳ್ಳುತ್ತಾಳೆ. ವಾರವೆಲ್ಲ ನಾನು ಸಿಂಧನೂರಿನ ರೂಮಿನಲ್ಲಿರುತ್ತೇನೆ, ಅವಳು ಎರಡೆಕರೆ ಎರಿಹೊಲದ ಜೊತೆ ಅಲ್ಲಿರುತ್ತಾಳೆ. ಹಿಂದಿನ ರಾತ್ರಿ ಫೋನಿನಲ್ಲಿ ಸಜ್ಜೆ ಒಕ್ಕಿದ್ದು ಮುಗಿಯಿತು ಅಂದಿದ್ದಳು. ಬೇರೆ ಏನನ್ನೂ ಹೇಳಿರಲಿಲ್ಲ.

ನೂರಿಯಾ ಆಡಿದ ಒಂದು ಮಾತೂ ನನಗೆ ತಪ್ಪಿರಲಿಲ್ಲ. ಹಟಮಾರಿ ಕ್ರಿಯಾಪದ ಒಂದಾದರೂ ನಡುವೆ ಬಂದಿದ್ದರೆ, ತಿಳಿಯಲಿಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಳ್ಳಬಹುದಿತ್ತು. ಎಲ್ಲವೂ ಮಾಸ್ತರರು ಕಲಿಸಿದಂಥವೇ.

"ಏನಂತಾಳ?" ನರಸಣ್ಣ ಕೇಳಿದರು. "ಭಾಳ ಹೇಳಾಕತ್ಯಾಳಲ್ಲ."

"ಬ್ರೇಕ್ ಹಾಕಿದೆ ಅಂತಾಳ್ರಿ. ಜಾರಿ ಬಿದ್ದೆ ಅಂತಾಳ."

"ಮುಂದ?"

"ಮುಂದಿಂದು ನೆನಪಿಲ್ಲಂತ."

"ಟಂಟಂ?"

ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ನನ್ನ ನಾಲಿಗೆ ನನ್ನ ಅಪ್ಪಣೆಗೆ ಕಾಯಲಿಲ್ಲ.

"ಸರಿಯಾಗಿ ನೆನಪಿಲ್ಲಂತರಿ."

"ಹಿಂದಿಂದ ಬಂದ್ರ ಯಾರಿಗೆ ನೆನಪಿರ್ತದ," ಎಂದು ನರಸಣ್ಣ ಬರೆಯಲು ಕೂತರು. ಹೇಳಿಕೆಯನ್ನು ಗಾಯಗೊಂಡವರೇ ಹೇಳಿದ ಹಾಗೆ 'ನಾನು' ಎಂದೇ ಬರೆಯುತ್ತಾರೆ. ನಾನು ಸೈಕಲ್ ಮೇಲೆ ಹೋಗುತ್ತಿದ್ದಾಗ, ನನ್ನ ಹಿಂದಿನಿಂದ, ಎಂದು ಅವರ ಗುಂಡು ಅಕ್ಷರಗಳು ಹಾಳೆ ತುಂಬತೊಡಗಿದವು. ನೂರಿಯಾ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ತಾನು ಅಷ್ಟೆಲ್ಲ ಹೇಳಿದ್ದು ನಮ್ಮ ಭಾಷೆಯಲ್ಲಿ ಇಷ್ಟೇ ಆಯಿತೇ ಎಂಬ ಅನುಮಾನ ಅವಳ ಮುಖದಲ್ಲಿತ್ತು. ನೀರು ಕುಡಿದು ಬರುತ್ತೇನೆ ಅಂದು ನಾನು ಹೊರಗೆ ಬಂದೆ.

ಹೊರಗೆ ಬಂದದ್ದೇ ತಪ್ಪಾಯಿತು. ಬೆಂಚಿನ ಮೇಲಿದ್ದವನು ಮುಖ ಎತ್ತಿದ.

"ಮಮತಕ್ಕಾ."

ಇಶ್ತಿಯಾಕ್. ಶನಿವಾರ ಮಸ್ಕಿಯಲ್ಲಿ ಬಸ್ಸಿಳಿದರೆ ನನ್ನನ್ನು ಊರಿಗೆ ಮುಟ್ಟಿಸುವವನು. ಅವ್ವನನ್ನು ಸಂತೆಗೆ ಕರೆದೊಯ್ದು, ಅವಳ ಚೀಲಗಳನ್ನು ಮನೆ ಬಾಗಿಲಿಗೇ ಇಳಿಸಿಕೊಡುವವನು. ಮೂವತ್ತರ ಮನುಷ್ಯ, ಎರಡು ಮಕ್ಕಳ ತಂದೆ. ಅಂಗಿಯ ಮುಂಭಾಗವೆಲ್ಲ ಒಣಗಿದ ರಕ್ತ. ಆ ರಕ್ತವನ್ನೇ ಸಾಕ್ಷಿ ಎಂದು ಹಿಡಿದಿದ್ದರು.

"ಮೇಡಂ ಎಚ್ಚರಾಗ್ಯಾರಂತಲ್ಲ. ಏನಂದ್ರಕ್ಕಾ? ನನ್ನ ನೆನಪೈತೇನು ಅವ್ರಿಗೆ?"

ಕಾನ್‌ಸ್ಟೇಬಲ್ ಮೊಬೈಲಿನಲ್ಲಿ ಮುಳುಗಿದ್ದ.

"ಐತಿ."

"ಏನಂದ್ರು?"

ಏನು ಹೇಳಲಿ? ಒಳಗೆ ಬಿಟ್ಟು ಬಂದಿದ್ದ ಮಾತೆಲ್ಲ ಹೊರಗೆ ಬಂತು. "ಗಾಡಿ ನಿಲ್ಲಿಸಿದ ಅಂದ್ಲು. ಇಳದ. ನನ್ನ ಎತ್ತಿದ. ಟವೆಲ್ ಒತ್ತಿ ಹಿಡದ. ಕರ್ಕೊಂಡು ಬಂದ. ಅವನಿಗೆ ಧನ್ಯವಾದ ಹೇಳ್ಬೇಕು, ಎಲ್ಲಿದ್ದಾನ ಅಂತ ಕೇಳಿದ್ಲು."

ಅವನು ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದ.

"ಅಷ್ಟ ಸಾಕಕ್ಕಾ. ನಿನ್ನೆಯಿಂದ ಇದೇ ಒಂದು ಮಾತಿಗೆ ಕುಂತೀನಿ." ಆಮೇಲೆ ದನಿ ತಗ್ಗಿಸಿದ. "ಅವ್ವಾರ ಹೆಸ್ರು ನಾ ಎಲ್ಲೂ ಎತ್ತಿಲ್ಲ. ರಸ್ತಿ ಮ್ಯಾಲ ತೆನಿ ಇದ್ದದ್ದನ್ನೂ ಹೇಳಿಲ್ಲ. ವಯಸ್ಸಾದಾಕಿ, ಅಂಜ್ಯಾಳ. ನಾ ಹೇಳಿದ್ರ ತನ್ನ ತಪ್ಪು ಮುಚ್ಕೊಳ್ಳಾಕ ಮುದುಕಿ ಮ್ಯಾಲ ಹಾಕ್ತಾನ ಅಂತಿದ್ರು. ಮೇಡಂ ಎದ್ದು ಖರೇ ಹೇಳ್ತಾರ, ಹಂಗ ಬಿಡ್ತಾರ ಅಂತ ಸುಮ್ನಿದ್ದೆ. ಅದ್ರಾಗ ನೀವ ಬಂದ್ರಿ."

ನೀವೇ ಬಂದಿರಿ. ನನ್ನನ್ನು ನೋಡಿ ಅವನಿಗೆ ಧೈರ್ಯ ಬಂದಿತ್ತು. ನನ್ನ ಅವ್ವನನ್ನು ಒಂದು ಹಗಲು ಒಂದು ರಾತ್ರಿ ಕಾದವನನ್ನು ನಾನು ಮೂರು ವಾಕ್ಯದಲ್ಲಿ ಜೈಲಿಗೆ ಬರೆಸಿ ಬಂದಿದ್ದೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು. ನೀರು ಕುಡಿಯದೆ ಒಳಗೆ ಓಡಿದೆ.

ನರಸಣ್ಣ ಬರೆದು ಮುಗಿಸಿದ್ದರು. ಬಲಗೈಗೆ ಪಟ್ಟಿ ಇದ್ದದ್ದರಿಂದ ನೂರಿಯಾಳ ಎಡ ಹೆಬ್ಬೆರಳಿಗೆ ಶಾಯಿ ಬಳಿದು, ಹಾಳೆಯ ಕಡೆ ಎಳೆಯುತ್ತಿದ್ದರು. ಅವಳು ಬೆರಳು ಬಿಗಿಹಿಡಿದು ನನ್ನ ದಾರಿ ನೋಡುತ್ತಿದ್ದಳು.

"ಇದು ನಾನು ನಿನಗೆ ಹೇಳಿದ್ದೇನಾ?" ಎಂದು ಕೇಳಿದಳು.

ಅಲ್ಲ ಅಂದೆ. ಅವಳ ಮುಂಗೈ ಹಿಡಿದೆ. ನನ್ನ ಬೆರಳಿಗೂ ಶಾಯಿ ಮೆತ್ತಿತು.

"ಸಾಹೇಬ್ರ, ಆ ಹಾಳಿ ಹರೀರಿ."

"ಯಾಕ?"

"ನಾ ಪೂರಾ ಹೇಳ್ಲಿಲ್ಲ. ಆಕಿ ಎಲ್ಲಾ ಹೇಳಿದ್ಲು, ನಾನ ಹೇಳ್ಲಿಲ್ಲ."

ಹೇಳಿದೆ. ತೆನೆ, ಕಲ್ಲು, ಎದುರಿನಿಂದ ಬಂದ ಟಂಟಂ, ಎತ್ತಿದವನು. ನರಸಣ್ಣ ಅಡ್ಡ ಬರದೆ ಕೇಳಿದರು. ನೀಲಿ ಅಂಗಿಯ ಹೆಂಗಸು ಕಲ್ಲು ಬಚ್ಚಿಟ್ಟದ್ದನ್ನೂ ಹೇಳಿದೆ.

"ಕಲ್ಲು ಇಟ್ಟಾಕಿ ಯಾರಂತ ಗೊತ್ತೇನು?"

"ಶೇಖಮ್ಮ."

"ಗಂಡನ ಹೆಸ್ರು?"

"ಹನುಮಂತು. ತೀರ್ಕೊಂಡಾನ್ರಿ."

"ನಿನಗ ಹೆಂಗ ಗೊತ್ತವಾ ಇಷ್ಟೆಲ್ಲಾ?"

"ನನ್ನ ಹಡದಾಕಿರಿ ಆಕಿ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ನನಗೆ ಹಗುರವಾಗುತ್ತಿತ್ತು.

"ನೋಡು ತಂಗಿ," ಅಂದರು. "ಬರದ ಮ್ಯಾಲ ಅಳಸಾಕ ಬರೂದಿಲ್ಲ. ಪರದೇಶದಾಕಿ ಕೈಕಾಲು ಮುರದಾಳ, ಮ್ಯಾಲಿಂದ ಫೋನ್ ಮ್ಯಾಲ ಫೋನ್. ರಸ್ತಿ ಅಡ್ಡಗಟ್ಟಿದ್ದು, ಸಾಕ್ಷಿ ಮುಚ್ಚಿದ್ದು, ಎರಡೂ ನಿಮ್ಮವ್ವನ ಮ್ಯಾಲ ಬರ್ತಾವ. ಈ ವಯಸ್ಸಿಗೆ ಕೋರ್ಟು ಅಡ್ಡಾಡ್ಬೇಕು. ಯಾರೋ ಒಬ್ಬ ಹೆಂಗಸು ಅಂತಷ್ಟ ಬರೀಲೇನು? ಹೆಸ್ರು ನಾ ಕೇಳಿಲ್ಲ, ನೀ ಹೇಳಿಲ್ಲ."

ಆ ಕ್ಷಣ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಇಶ್ತಿಯಾಕ್ ಬಿಡುಗಡೆಯಾಗುತ್ತಾನೆ, ಅವ್ವ ಉಳಿಯುತ್ತಾಳೆ, ನನ್ನ ಸ್ಪ್ಯಾನಿಶ್ಶಿನ ಮಾನವೂ ಉಳಿಯುತ್ತದೆ. ಇದಕ್ಕಿಂತ ಏನು ಬೇಕು? ನೂರಿಯಾಳಿಗೆ ನಮ್ಮ ಮಾತು ತಿಳಿಯುತ್ತಿರಲಿಲ್ಲ, ಏನೋ ಚೌಕಾಸಿ ನಡೆದಿದೆ ಎನ್ನುವುದು ತಿಳಿಯುತ್ತಿತ್ತು. ಅವಳ ಮುಂದೆ ಎರಡನೇ ಸಲ ಮಾತು ಮೊಟಕು ಮಾಡಲು ನನ್ನಿಂದಾಗಲಿಲ್ಲ.

"ಆ ಹೆಂಗಸು ನನ್ನ ತಾಯಿ," ಎಂದು ಅವಳ ಭಾಷೆಯಲ್ಲಿ ಅವಳಿಗೆ ಹೇಳಿದೆ.

ಅವಳು ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಪೋರ್ ಕೇ ನೋ ಮೆ ಆಯುದೋ?"

ಅವಳು ನನಗೆ ಯಾಕೆ ಸಹಾಯ ಮಾಡಲಿಲ್ಲ? ಆಯುದಾರ್, ಸಹಾಯ ಮಾಡುವುದು. ಮೊದಲ ಪಾಠದಲ್ಲೇ ಬಂದಿತ್ತು.

"ಹೆಸ್ರು ಬರೀರಿ ಸಾಹೇಬ್ರ," ಅಂದೆ.

ಹೊಸ ಹಾಳೆಯಲ್ಲಿ ಬರೆದರು. ಬರೆದದ್ದನ್ನು ಸಾಲು ಸಾಲಾಗಿ ಸ್ಪ್ಯಾನಿಶ್‌ನಲ್ಲಿ ಓದಿ ಹೇಳು ಅಂದರು. ಜಾರಿದೆ, ನಿಲ್ಲಿಸಿದ, ಎತ್ತಿದ, ಬಚ್ಚಿಟ್ಟಳು. ಒಂದು ಬಾಲವೂ ತಪ್ಪಲಿಲ್ಲ. ನೂರಿಯಾ ಪ್ರತಿ ಸಾಲಿಗೂ ಹೂಂಗುಟ್ಟಿ, ಕೊನೆಗೆ ತಾನೇ ಹೆಬ್ಬೆರಳು ಒತ್ತಿದಳು. ಕೆಳಗೆ ನಾನು ಸಹಿ ಮಾಡಿದೆ. ನಾಲ್ಕಕ್ಕೆ ಅವಳನ್ನು ಸ್ಟ್ರೆಚರಿನ ಮೇಲೆ ಹೊರಗೆ ತಂದಾಗ ಇಶ್ತಿಯಾಕ್ ಎದ್ದು ನಿಂತ. ಅವಳು ಅವನ ಕೈ ಹಿಡಿದು ಏನೋ ಅಂದಳು, ಅವನು ನಾಚಿಕೊಂಡು ನೆಲ ನೋಡಿದ. ಏನಂದಳೆಂದು ಅವನು ನನ್ನನ್ನು ಕೇಳಲೂ ಇಲ್ಲ.

ಐದರ ಬಸ್ಸು ಹಿಡಿದು ಊರಿಗೆ ಬಂದೆ. ಇನ್ನೂ ಬೆಳಕಿತ್ತು. ರಸ್ತೆಯ ಮೇಲೆ ಒಂದು ಕಾಳೂ ಇರಲಿಲ್ಲ, ಗುಡಿಸಿ ತೊಳೆದ ಹಾಗಿತ್ತು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ವಾರದ ನಡುವೆ ಯಾಕೆ ಬಂದೆ ಎಂದು ಕೇಳಲಿಲ್ಲ. ನನ್ನ ಬೆರಳಿನ ಶಾಯಿಯನ್ನೇ ನೋಡಿದಳು.

"ಆಕಿ ಉಳದಾಳೇನು?"

"ಉಳದಾಳ."

"ಇಶ್ತಿಯಾಕ?"

"ಬಿಟ್ಟಾರ. ನಿನ್ನ ಹೆಸ್ರು ಬರಸೀನಿ ಯವ್ವಾ. ನಾಳೆ ಹತ್ತಕ್ಕ ಠಾಣಿಗೆ ಬಾ ಅಂದಾರ."

ಅವ್ವ ಎದ್ದು ಒಳಗೆ ಹೋದಳು, ಪಾತ್ರೆಗಳು ಸದ್ದು ಮಾಡಿದವು, ತಟ್ಟೆಯಲ್ಲಿ ರೊಟ್ಟಿ ತಂದು ನನ್ನ ಮುಂದೆ ಕುಕ್ಕಿದಳು. "ಚಲೋ ಮಗಳ್ನ ಓದಿಸಿದೆ," ಅಂದಳು. ಅದು ನಾನು ಬಸ್ಸಿನುದ್ದಕ್ಕೂ ನಿರೀಕ್ಷಿಸಿದ್ದ ಮಾತೇ, ಆದರೂ ನೋವಾಯಿತು. ಸಿಟ್ಟೂ ಬಂತು.

"ಆಕಿ ಒಂದು ಮಾತು ಕೇಳ್ಯಾಳ. ನನಗ್ಯಾಕ ಸಹಾಯ ಮಾಡ್ಲಿಲ್ಲ ಅಂತ. ನಾ ಏನ್ ಹೇಳ್ಲಿ?"

ಅವ್ವ ನನ್ನ ಎದುರು ಕೂತಳು. ಸೆರಗು ಬಾಯಿಗೆ ಹಿಡಿದಳು, ಮತ್ತೆ ತೆಗೆದಳು.

"ಏನೂ ಹೇಳಾಕ ಇಲ್ಲ. ಆಕಿ ಒದ್ದಾಡಾಕತ್ತಿದ್ಲು. ನನ್ನ ಕಾಲಾಗ ಬಿದ್ದಿದ್ಲು. ನಾ ದಾಟಿ ಹೋಗಿ ಕಲ್ಲು ಎತ್ತಿದೆ. ಒಂದು ಇಟ್ಟು ಬಂದೆ, ಮತ್ತೊಂದು ಎತ್ತಿದೆ. ಏಳು ಕಲ್ಲು ಇದ್ವು. ಏಳೂ ಎತ್ತೋತನಕ ಆಕಿ ಕೈ ಚಾಚೇ ಇದ್ಲು, ನಾ ಆಕಿನ್ನ ಎತ್ತಲಿಲ್ಲ." ಅವಳು ನನ್ನ ಕಡೆ ನೋಡಲಿಲ್ಲ. "ನಾಳೆ ಪೊಲೀಸರ ಮುಂದ ನನಗ ಬಾಯಿ ಬರೂದಿಲ್ಲ. ಆಕಿ ಮಾತು ಹೇಳ್ದಂಗ ನಂದೂ ನೀನ ಹೇಳು. ಏಳು ಅಂತ ಬರಸು."